ಆರಾಮ ಎಂದು ಬರೆದದ್ದು

ಗೋಕಾಕ
೧೮ ಆಗಸ್ಟ್ ೨೦೨೪

ಪ್ರೀತಿಯ ಸೀತಾ,

ಪಂಚಮಿಗೆಂದು ಬಂದವಳು ಒಂದು ತಾಸೂ ಕೂಡದೆ ಎದ್ದು ಬಂದೆ. ನಿನಗೆ ಬೇಸರವಾಗಿರುತ್ತದೆ. ಅವ್ವನಿಗೆ ಸಿಟ್ಟು ಬಂದಿರುತ್ತದೆ, ಅದು ನನಗೆ ಹೊಸದಲ್ಲ. ತಮ್ಮನ ಹೆಂಡತಿ ನೀನು, ಆ ಮನೆಗೆ ಹೊರಗಿನಿಂದ ಬಂದವಳು. ನಿನಗಾದರೂ ಕಾರಣ ತಿಳಿಯಲಿ ಎಂದು ಬರೆಯುತ್ತಿದ್ದೇನೆ. ಬಾಜೂ ತೋಟದವರು ಹಚ್ಚಿದ ಸ್ಪೀಕರ್, ಜೋಕಾಲಿ ಆಡುವವರ ಕೇಕೆ, ಒಳಗೆ ಮಿಕ್ಸರ್, ಎಲ್ಲರೂ ಒಮ್ಮೆಲೇ "ಯಾವಾಗ ಬಂದಿ, ಯಾಕ ಸೊರಗಿದಿ" ಎನ್ನುವುದು. ನಿಮಗೆ ಅದು ಹಬ್ಬ. ನನಗೆ ತಲೆಯೊಳಗೆ ಹಿಟ್ಟಿನ ಗಿರಣಿ ಶುರುವಾದ ಹಾಗೆ. ಇನ್ನೊಂದು ಗಳಿಗೆ ಕೂತಿದ್ದರೆ ಎಲ್ಲರ ಮುಂದೆ ಚೀರಿಬಿಡುತ್ತಿದ್ದೆ. ಚೀರುವುದಕ್ಕಿಂತ ಬಸ್ ಹಿಡಿಯುವುದು ಒಳ್ಳೆಯದೆಂದು ತಿಳಿಯಲು ನನಗೆ ಮೂವತ್ತು ವರ್ಷ ಹಿಡಿಯಿತು.

ಫೋನ್ ಯಾಕೆ ಮಾಡುವುದಿಲ್ಲ ಎಂದು ನೀನು ಕೇಳಿದ್ದೆ. ಮುಖ ಕಾಣದ ದನಿ ಕಿವಿಯೊಳಗೆ ಬಂದು ಮಾತಾಡಿದರೆ ನನಗೆ ಅರ್ಧ ತಿಳಿಯುವುದಿಲ್ಲ, ಉಳಿದರ್ಧ ತಪ್ಪು ತಿಳಿಯುತ್ತದೆ. ಪತ್ರವಾದರೆ ಮತ್ತೆ ಮತ್ತೆ ಓದಬಹುದು. ನೀನೂ ಬರೆ.

ಇಲ್ಲಿಗೆ ವಾರಕ್ಕೊಮ್ಮೆ ಮನಸ್ಸಿನ ಡಾಕ್ಟರ್ ಬಾಯಿ ಬರುತ್ತಾರೆ. ಅವರ ಹತ್ತಿರ ಹೋಗುತ್ತಿದ್ದೇನೆ. ನನ್ನದು ಹುಚ್ಚಲ್ಲವಂತೆ, ಸೊಕ್ಕೂ ಅಲ್ಲವಂತೆ. ಆಟಿಸಂ ಎನ್ನುತ್ತಾರೆ ಅದಕ್ಕೆ. ಹುಟ್ಟಿನಿಂದಲೇ ಮಿದುಳು ಕೆಲಸ ಮಾಡುವ ರೀತಿ ಬೇರೆ, ಅಷ್ಟೆ. ಅದನ್ನು ವಾಸಿ ಮಾಡಬೇಕಾಗಿಲ್ಲ. ವಾಸಿಯಾಗಬೇಕಾದದ್ದು ಅದನ್ನು ಬಿಡಿಸಲು ಹೋಗಿ ನನಗೆ ಮಾಡಿದ ಗಾಯ ಎಂದರು. ಹೊಟ್ಟೆಯ ಮೇಲಿನ ಬರೆಯ ಗುರುತು ನೋಡಿ, ಯಾವ ವಯಸ್ಸಿನಲ್ಲಿ ಹಾಕಿದ್ದೆಂದು ಕೇಳಿ ಬರೆದುಕೊಂಡರು.

ಬದುಕನ್ನು ಒಂದೇ ಸಲ ತಿದ್ದಲು ಹೋಗಬೇಡ, ಒಂದೊಂದೇ ರೂಢಿ ಮಾಡಿಕೋ ಎಂದಿದ್ದಾರೆ. ಮೊದಲು ಹಲ್ಲುಜ್ಜುವುದು. ನಗಬೇಡ. ಪೇಸ್ಟಿನ ಉರಿ ತಾಳದೆ ಎಷ್ಟೋ ದಿನ ಹಾಗೇ ಬಿಡುತ್ತಿದ್ದೆ. ಈಗ ಬೇವಿನ ಕಡ್ಡಿ ಹಿಡಿದಿದ್ದೇನೆ. ಆಮೇಲೆ ಊಟ. ಹಸಿವಾದದ್ದು ನನಗೆ ಗೊತ್ತಾಗುವುದೇ ಇಲ್ಲ, ಕಣ್ಣು ಕತ್ತಲೆ ಬಂದ ಮೇಲೆ ಗೊತ್ತಾಗುತ್ತದೆ. ಅದಕ್ಕೆ ಕೆಲಸದಲ್ಲಿ ಬಾಜೂ ಕೂಡುವ ಆಮ್ರಪಾಲಿ ಡಬ್ಬಿ ಬಿಚ್ಚಿದ ಕೂಡಲೇ ನಾನೂ ಬಿಚ್ಚುವುದು ಎಂದು ಮಾಡಿಕೊಂಡಿದ್ದೇನೆ. ಕೆಲಸ ಗೊತ್ತಲ್ಲ, ಕಟ್ಟಿಗೆಯ ಹಣ್ಣುಗಳಿಗೆ ಬಣ್ಣ ಹಚ್ಚುವುದು. ಸೀತಾಫಲ ನನ್ನದು. ಒಂದೊಂದು ಕಣ್ಣಿಗೂ ಬಣ್ಣ ಹಚ್ಚಬೇಕು, ಯಾರೂ ಮಾತಾಡಿಸುವುದಿಲ್ಲ. ಹೀಗೇ ಬಿಟ್ಟರೆ ನಾನು ಬದುಕಿಕೊಳ್ಳುತ್ತೇನೆ ಸೀತಾ.

ಮುಖ್ಯ ಮಾತಿಗೆ ಬರುತ್ತೇನೆ. ನಿಮ್ಮ ಕೂಸು ಮಾಯಾ ಆವತ್ತು ಕುರಿಹಟ್ಟಿಯ ಹಿಂದೆ ಕೂತು ಜೋಳದ ಕಾಳು ಸಾಲು ಹಚ್ಚುತ್ತಿದ್ದಳು. ನಾನೂ ಸುಮ್ಮನೆ ಹತ್ತಿರ ಕೂತೆ. ಸ್ವಲ್ಪ ಹೊತ್ತಿಗೆ ನನ್ನ ಮುಂದೆಯೂ ಒಂದು ಕಾಳು ಇಟ್ಟಳು. ನಾಲ್ಕು ತುಂಬಿದರೂ ಮಾತು ಬಂದಿಲ್ಲ, ಕುಕ್ಕರ್ ಕೂಗಿದರೆ ಕಿವಿ ಮುಚ್ಚುತ್ತಾಳೆ ಎಂದು ನೀನು ಕಣ್ಣೀರು ಹಾಕಿದೆ. ನಾನೂ ಹಾಗೇ ಇದ್ದೆ. ಐದು ವರ್ಷ ಮಾತಿರಲಿಲ್ಲ. ಅದಕ್ಕೇ ನನ್ನನ್ನು ಬಾಳವ್ವನ ಹತ್ತಿರ ಒಯ್ದು ಬರೆ ಹಾಕಿಸಿದರು. ಪುಣ್ಯಕ್ಕೆ ಆ ಮುದುಕಿ ಸತ್ತಳು. ಆದರೂ ಹೇಳಿಬಿಡುತ್ತೇನೆ, ಮಾಯಾಳ ಮೈಗೆ ಯಾರೂ ಕಾದ ಕಬ್ಬಿಣ ಮುಟ್ಟಿಸಕೂಡದು. ಹುಕ್ಕೇರಿಗೆ ನಿನ್ನ ತವರಿಗೆ ಹೋದಾಗ ಅಲ್ಲಿ ಮಕ್ಕಳ ಡಾಕ್ಟರಿಗೆ ತೋರಿಸು. ಮೊದಲು ಕಿವಿ ಪರೀಕ್ಷೆ ಮಾಡುತ್ತಾರೆ, ಮುಂದಿನದನ್ನು ಅವರೇ ಹೇಳುತ್ತಾರೆ.

ನಿನ್ನ
ಸುವರ್ಣಾ


ಮೂಡಲಗಿ
೬ ಸೆಪ್ಟೆಂಬರ್ ೨೦೨೪

ಅಕ್ಕಾರಿಗೆ ಸೀತವ್ವ ಮಾಡುವ ನಮಸ್ಕಾರಗಳು.

ನಾವೆಲ್ಲ ಆರಾಮ ಇದ್ದೇವೆ, ನೀವೂ ಆರಾಮ ಇದ್ದೀರೆಂದು ತಿಳಿಯುತ್ತೇನೆ. ನಿಮ್ಮ ಪತ್ರವನ್ನು ಪೋಸ್ಟಿನವನು ಇವರ ಕೈಗೇ ಕೊಟ್ಟ. ಇವರು ಕಟ್ಟೆಯ ಮೇಲೆ ಕೂತು ಎಲ್ಲರ ಮುಂದೆ ಜೋರಾಗಿ ಓದಿದರು. ಮನೆಗೆ ಬಂದ ಪತ್ರವನ್ನು ಹಾಗೇ ಓದುವುದಲ್ಲವೇ, ತಪ್ಪು ತಿಳಿಯಬೇಡಿ. ಹಲ್ಲುಜ್ಜುವ ಮಾತು ಬಂದಾಗ ಇವರು ನಕ್ಕುಬಿಟ್ಟರು. ಬಾಳವ್ವನ ಮಾತು ಬಂದಾಗ ಅತ್ತೆಯವರು ಎದ್ದು ನಿಂತರು.

"ಬಾಳವ್ವ ಇರಲಿಲ್ಲಂದ್ರ ಈಕಿ ಇವತ್ತ ಹಿಂಗ ಕಾಗದ ಬರಿತಿದ್ಲೇನು? ಮೂಕಿ ಆಗಿ ಮೂಲ್ಯಾಗ ಕುಂತಿರ್ತಿದ್ಲು. ಬರಿ ಕೊಟ್ಟ ಗಳಿಗ್ಯಾಗ ಬಾಯಿ ಬಿಟ್ಟಾಳ, ನಾ ಕಣ್ಣಾರೆ ನೋಡೇನಿ. ಈಗ ನನಗ ಶಾಣ್ಯಾತನ ಹೇಳಾಕ ಬರ್ತಾಳ," ಎಂದರು.

ಇವರು ಮಧ್ಯೆ ಬಾಯಿ ಹಾಕಿ, "ಇರ್ಲಿ ಬಿಡಬೇ, ಅಕ್ಕನ ಸ್ವಭಾವ ನಿನಗ ಗೊತ್ತೈತಲ್ಲ," ಎಂದು ಸಮಾಧಾನ ಮಾಡಿದರು. ಆದರೆ ಅತ್ತೆಯವರಿಗೆ ಆವತ್ತಿನಿಂದ ಸರಿಯಾಗಿ ಊಟ ಸೇರುತ್ತಿಲ್ಲ. "ಹುಚ್ಚರ ಡಾಕ್ಟರ್ ಕಡೆ ಹೋಗಾಕತ್ತಾಳಂದ್ರ ನಾಳೆ ಯಾರ ಕೈ ಹಿಡಿತಾರ ಈಕಿನ್ನ? ಗೋಕಾಕದಾಗ ಒಬ್ಬಾಕಿನ್ನ ಬಿಟ್ಟಿದ್ದ ತಪ್ಪಾತು," ಎಂದು ಒಂದೇ ಸಮನೆ ಹೇಳುತ್ತಾರೆ. ನಿಮ್ಮನ್ನು ಕರೆದುಕೊಂಡು ಬರಲು ಇವರನ್ನು ಕಳಿಸುತ್ತಾರಂತೆ. ಕೊಣ್ಣೂರಿನಲ್ಲಿ ಒಬ್ಬರು ಇದ್ದಾರೆ, ಹೆಂಡತಿ ತೀರಿಕೊಂಡಿದ್ದಾಳೆ. ದೀಪಾವಳಿ ಹೊತ್ತಿಗೆ ನೋಡಲು ಬರಲಿ ಎಂದು ಮಾತು ಹೋಗಿದೆ. ಲಗ್ನವಾದರೆ ಎಲ್ಲ ಆರಾಮ ಆಗುತ್ತದೆ ಎನ್ನುತ್ತಾರೆ ಅತ್ತೆಯವರು.

ಮಾಯಾಳದು ಹಾಗೇ ಇದೆ. ಓಣಿಯವರು ಒಂದು, ಅತ್ತೆಯವರು ಒಂದು ಹೇಳುತ್ತಾರೆ. ಅಕ್ಕಾರು ಒಲ್ಲೆ ಅಂದಿದ್ದಾರೆ ಎಂದು ನಾನು ನಿಮ್ಮ ಹೆಸರು ಹೇಳಿ ತಡೆಯುತ್ತಿದ್ದೇನೆ. ನಿಮ್ಮ ಮಾತು ಬಿಟ್ಟರೆ ನನಗೆ ಈ ಮನೆಯಲ್ಲಿ ಆಸರೆ ಇಲ್ಲ.

ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡಿ. ಮುಂದಿನ ಪತ್ರದಲ್ಲಿ ಅತ್ತೆಯವರ ಮನಸ್ಸಿಗೆ ಹಿತವಾಗುವ ಹಾಗೆ ನಾಲ್ಕು ಸಾಲು ಬರೆಯಿರಿ. ಎಲ್ಲರೂ ಮನೆಗೆ ಹಾಗೇ ಬರೆಯುತ್ತಾರಲ್ಲವೇ. ಇಲ್ಲವಾದರೆ ನಿಮ್ಮನ್ನು ಅಲ್ಲಿ ಇರಗೊಡುವುದಿಲ್ಲ.

ಇತಿ,
ಸೀತವ್ವ


ಗೋಕಾಕ
೨ ಅಕ್ಟೋಬರ್ ೨೦೨೪

ಅವ್ವನಿಗೆ ಶಿರಸಾಷ್ಟಾಂಗ ನಮಸ್ಕಾರಗಳು. ತಮ್ಮ ಮಾಳೂಗೆ ಆಶೀರ್ವಾದ. ಸೀತಾಳಿಗೆ ನೆನಪುಗಳು.

ನಾನು ಇಲ್ಲಿ ಕ್ಷೇಮ. ನಿಮ್ಮೆಲ್ಲರ ಕ್ಷೇಮ ಬಯಸುತ್ತೇನೆ.

ಅವ್ವ, ನನ್ನ ಚಿಂತೆ ಮಾಡಬೇಡ. ನನಗೀಗ ಪೂರ್ತಿ ಆರಾಮ ಆಗಿದೆ. ಹೊತ್ತಿಗೆ ಸರಿಯಾಗಿ ಉಣ್ಣುತ್ತೇನೆ, ನಿದ್ದೆ ಮಾಡುತ್ತೇನೆ. ಕೆಲಸದಲ್ಲಿ ಎಲ್ಲರ ಜೊತೆ ನಗುತ್ತಾ ಮಾತಾಡುತ್ತೇನೆ. ಡಾಕ್ಟರ್ ಕಡೆ ಹೋಗುವ ಅಗತ್ಯವೂ ಈಗ ಇಲ್ಲ. ಹಿಂದಿನ ಪತ್ರದಲ್ಲಿ ಮನಸ್ಸಿಗೆ ಬಂದದ್ದು ಬರೆದುಬಿಟ್ಟೆ, ಹೊಟ್ಟೆಯಲ್ಲಿ ಹಾಕಿಕೋ. ನೀನು ನನಗೆ ಮಾಡಿದ್ದೆಲ್ಲ ನನ್ನ ಒಳ್ಳೆಯದಕ್ಕೇ ಆಯಿತು. ಹೆತ್ತ ತಾಯಿಗಿಂತ ಹೆಚ್ಚು ತಿಳಿದವರು ಯಾರಿದ್ದಾರೆ.

ಲಗ್ನದ ಮಾತು ಸ್ವಲ್ಪ ದಿನ ಇರಲಿ. ಇಲ್ಲಿ ಕೆಲಸ ಬಹಳ ಇದೆ.

ಮಾಯಾಳಿಗೂ ದೇವರು ನನ್ನ ಹಾಗೆಯೇ ಒಳ್ಳೆಯದು ಮಾಡಲಿ.

ನಿನ್ನ ಮಗಳು,
ಸುವರ್ಣಾ


ಗೋಕಾಕ
೧೦ ನವೆಂಬರ್ ೨೦೨೪

ಸೀತಾ,

ದೀಪಾವಳಿಯೂ ಹೋಯಿತು. ಕೊಣ್ಣೂರಿನವರು ಬರಲಿಲ್ಲ, ಮಾಳುವೂ ಬರಲಿಲ್ಲ. ನನ್ನ ಪತ್ರ ಅವ್ವನ ಮನಸ್ಸಿಗೆ ಹಿಡಿಸಿದೆ ಎಂದುಕೊಂಡಿದ್ದೇನೆ. ನಿನ್ನಿಂದ ಉಪಕಾರವಾಯಿತು.

ಈಗ ಸಂಜೆ ಹೊಳೆಯ ಕಡೆ ನಡೆದು ಬರುವ ರೂಢಿ ಮಾಡಿದ್ದೇನೆ. ಪಟಾಕಿ ಹಾರಿಸುವ ದಿನಗಳಲ್ಲಿ ತಪ್ಪಿತು, ಖೋಲಿಯ ಕದ ಹಾಕಿಕೊಂಡು ಕೂತಿದ್ದೆ. ತಪ್ಪಿದ್ದಕ್ಕೆ ನನ್ನನ್ನು ನಾನೇ ಬೈದುಕೊಳ್ಳದೆ ಮರುದಿನ ಮತ್ತೆ ಹೋಗುವುದು, ಅದೇ ಕಷ್ಟ. ಹೋದೆ.

ಮಾಯಾಳ ಸುದ್ದಿ ಮಾತ್ರ ಇಲ್ಲ. ಡಾಕ್ಟರಿಗೆ ತೋರಿಸಿದೆಯಾ? ಒಂದು ಸಾಲು ಬರೆದರೂ ಸಾಕು.

ಸುವರ್ಣಾ


ಮೂಡಲಗಿ
೧೪ ಡಿಸೆಂಬರ್ ೨೦೨೪

ಅಕ್ಕಾರಿಗೆ ನಮಸ್ಕಾರಗಳು.

ಬರೆಯಲು ತಡವಾಯಿತು, ಕ್ಷಮಿಸಿ. ಕಬ್ಬು ಕಡಿಯುವ ಗ್ಯಾಂಗಿನವರು ತೋಟಕ್ಕೆ ಬಂದಿದ್ದರು, ಅಡುಗೆ ಮನೆಯಿಂದ ತಲೆ ಎತ್ತಲು ಆಗಿರಲಿಲ್ಲ. ಅದೂ ಅಲ್ಲದೆ ಏನು ಬರೆಯಬೇಕೆಂದು ನನಗೇ ತಿಳಿದಿರಲಿಲ್ಲ.

ನಿಮಗೆ ಆರಾಮ ಆಗಿದೆ ಎಂದು ಓದಿ ಅತ್ತೆಯವರಿಗಾದ ಸಂತೋಷ ಇಷ್ಟಿಷ್ಟಲ್ಲ. ಇವರ ಕೈಯಲ್ಲಿ ಮತ್ತೆ ಮತ್ತೆ ಓದಿಸಿದರು. ನೀರಿಗೆ ಬಂದವರಿಗೆಲ್ಲ, "ನನ್ನ ಮಗಳ ತನ್ನ ಕೈಯಾರೆ ಬರದಾಳ, ನೀ ಮಾಡಿದ್ದೆಲ್ಲಾ ಛಲೋ ಆತಂತ. ಊರ ಮಂದಿ ನನಗ ಕಟುಕಿ ಅಂದಿದ್ರಿ," ಎಂದು ಹೇಳಿಕೊಂಡು ಕಣ್ಣೊರೆಸಿಕೊಂಡರು. ಅಕ್ಕಾರ, ಅವರು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ಎಷ್ಟು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರೋ.

ನನಗೂ ನಿಮ್ಮ ಪತ್ರದಿಂದ ಧೈರ್ಯ ಬಂತು. ಇಷ್ಟು ದಿನ ನಾನೇ ಅಡ್ಡ ಬಂದಿದ್ದೆ. ಮಗುವಿನ ಒಳ್ಳೆಯದಕ್ಕೆ ತಾಯಿಯೇ ಅಡ್ಡ ಬಂದರೆ ಹೇಗೆ ಎಂದು ಇವರೂ ಅಂದರು. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ನೈವೇದ್ಯದ ಚರಗ ಚೆಲ್ಲಿ, ಹಾಗೇ ಎಲ್ಲರೂ ಹುಕ್ಕೇರಿ ಕಡೆ ಹೋಗಿ, ಮಾಯಾಳಿಗೂ ಆರಾಮ ಮಾಡಿಸಿಕೊಂಡು ಬರುವುದೆಂದು ಆಗಿದೆ. ಸಣ್ಣ ಕೂಸು, ಚೀರುತ್ತಾಳೆ, ನೋಡಲು ನನ್ನಿಂದ ಆಗುತ್ತದೋ ಇಲ್ಲವೋ. ನೀವು ಎಲ್ಲ ಅನುಭವಿಸಿದವರು. ಎರಡು ಮಾತು ಧೈರ್ಯ ಹೇಳಿ ಬರೆಯಿರಿ.

ಇತಿ,
ಸೀತವ್ವ


ಗೋಕಾಕ
೧೮ ಡಿಸೆಂಬರ್ ೨೦೨೪

ಪ್ರೀತಿಯ ಸೀತಾ,

ನಿನ್ನ ಪತ್ರ ಓದಿ ಕುಣಿಯುವುದೊಂದು ಬಾಕಿ. ಅವ್ವನೂ ಒಪ್ಪಿ, ಮಾಳುವೂ ಒಪ್ಪಿ, ಮಾಯಾಳನ್ನು ಹುಕ್ಕೇರಿಗೆ ತೋರಿಸಲು ಹೊರಟಿದ್ದೀರಿ! ನಮ್ಮ ಮನೆಯಲ್ಲಿ ಹೀಗೂ ಆಗಬಹುದೆಂದು ನಾನು ಎಣಿಸಿರಲಿಲ್ಲ. ಹಬ್ಬದ ದಿನ ಡಾಕ್ಟರ್ ಇರುತ್ತಾರೋ ಇಲ್ಲವೋ, ಮೊದಲೇ ಯಾರನ್ನಾದರೂ ಕಳಿಸಿ ಕೇಳಿಸು.

ಚೀರುತ್ತಾಳೆ ಎಂದು ಬರೆದಿದ್ದೀ. ಖಂಡಿತ ಚೀರುತ್ತಾಳೆ. ಗುರುತಿಲ್ಲದ ಜಾಗ, ಗುರುತಿಲ್ಲದ ಕೈ, ಕಿವಿಯಲ್ಲಿ ಏನೋ ಇಡುತ್ತಾರೆ. ಹೆದರಿ ಅರ್ಧಕ್ಕೆ ಎದ್ದು ಬರಬೇಡ. ಬೇರೆ ಯಾರ ಕೈಗೂ ಅವಳನ್ನು ಕೊಡಬೇಡ, ಮಾಳೂಗೂ ಬೇಡ. ನೀನೇ ತೊಡೆಯ ಮೇಲೆ ಕೂರಿಸಿಕೊಂಡು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೋ. ಮೆಲ್ಲಗೆ ಮುಟ್ಟಿದರೆ ನಮ್ಮಂಥವರಿಗೆ ಮೈ ಜುಮ್ಮೆನ್ನುತ್ತದೆ, ಗಟ್ಟಿ ಹಿಡಿತ ಹಿತ. ಮುಗಿಯುವ ತನಕ ಬಿಡಬೇಡ. ಸ್ವಲ್ಪ ಹೊತ್ತಿನ ಕಷ್ಟ, ಮುಂದೆ ಜನ್ಮವೆಲ್ಲ ಸುಖ.

ನನಗೆ ಆ ವಯಸ್ಸಿನಲ್ಲಿ ಇದು ಸಿಕ್ಕಿದ್ದರೆ ಎಂದು ಹೊಟ್ಟೆಕಿಚ್ಚಾಗುತ್ತಿದೆ. ನಾಲ್ಕು ವರ್ಷದ ಕೂಸಿನ ಮೇಲೆ ಹೊಟ್ಟೆಕಿಚ್ಚು ಪಡುವ ಅತ್ತೆ ನಾನೊಬ್ಬಳೇ ಇರಬೇಕು.

ಹೋಗಿ ಬಂದ ಮೇಲೆ ಎಲ್ಲ ಬಿಡಿಸಿ ಬರೆ.

ನಿನ್ನ
ಸುವರ್ಣಾ


ಮೂಡಲಗಿ
೯ ಜನವರಿ ೨೦೨೫

ಅಕ್ಕಾರಿಗೆ ನಮಸ್ಕಾರಗಳು.

ಬಿಡಿಸಿ ಬರೆ ಎಂದಿದ್ದಿರಿ, ಬರೆಯುತ್ತೇನೆ. ಬಾಳವ್ವನ ಮಗಳು ಫಕೀರವ್ವ ಎಂದು ಇದ್ದಾಳೆ, ಹುಕ್ಕೇರಿ ಆಚೆಯ ಊರಿಗೆ ಕೊಟ್ಟ ಹೆಣ್ಣುಮಗಳು. ತಾಯಿಯ ಕೆಲಸ ಈಗ ಅವಳೇ ಮಾಡುತ್ತಾಳೆ. ನಿಮಗೆ ಗೊತ್ತಿರಬಹುದು ಎಂದು ನಾನು ಹೆಸರು ಬರೆದಿರಲಿಲ್ಲ. ಕಾಯಿಸಿ ಬರೆ ಹಾಕುವ ಕುಡಗೋಲು ಸಹ ಬಾಳವ್ವನದೇ ಎಂದು ತೋರಿಸಿದಳು. ಅತ್ತೆಯವರು ಅದಕ್ಕೆ ಕೈ ಮುಗಿದರು.

ನೀವು ಹೇಳಿದ ಹಾಗೇ ಮೊದಲೇ ಒಬ್ಬರನ್ನು ಕಳಿಸಿ ಕೇಳಿಸಿಕೊಂಡು ಹೋಗಿದ್ದೆವು. ನೀವು ಹೇಳಿದ ಹಾಗೇ ನಾನು ತೊಡೆಯ ಮೇಲೆ ಕೂರಿಸಿಕೊಂಡೆ. ಇವರು ಹಿಡಿಯಲು ಬಂದರು, ಕೊಡಲಿಲ್ಲ. ಎರಡೂ ಕೈಯಿಂದ ಗಟ್ಟಿ ಹಿಡಿದೆ. ನಿಮ್ಮ ಪತ್ರದಲ್ಲಿ ಡಾಕ್ಟರು, ಕಿವಿ ಎಂದೆಲ್ಲ ಇತ್ತು, ಅದು ನನಗೆ ಸರಿಯಾಗಿ ತಿಳಿಯಲಿಲ್ಲ. ಇವರು, "ಅಕ್ಕ ಫಕೀರವ್ವನ್ನ ಡಾಕ್ಟರ್ ಅಂತ ಮಾನಾ ಕೊಟ್ಟ ಬರದಾಳ, ಮೊದಲ ಬಾಳವ್ವಗ ಬೈದಿದ್ಲಲ್ಲ, ಅದಕ್ಕ," ಎಂದರು. ಹೌದಿರಬೇಕು ಎಂದುಕೊಂಡೆ.

ಎರಡನೆಯ ಬರೆಗೆ ಮಾತು ಬಂತು ಅಕ್ಕಾರ. ನನ್ನ ಮುಖ ನೋಡಿ "ಬ್ಯಾಡ" ಅಂದಳು. ಸ್ಪಷ್ಟವಾಗಿ ಅಂದಳು, ಎಲ್ಲರಿಗೂ ಕೇಳಿಸಿತು. ಅತ್ತೆಯವರು, "ಬಂತು! ಮಾತ ಬಂತು ನನ್ನ ಕೂಸಿಗಿ!" ಎಂದು ಅಲ್ಲೇ ಸಕ್ಕರೆ ಹಂಚಿದರು. ಮಾತು ಬಂದ ಮೇಲೆ ಗಟ್ಟಿಯಾಗಲಿ ಎಂದು ಫಕೀರವ್ವ ಇನ್ನೊಂದು ಕೊಟ್ಟಳು.

ಅದರ ಮೇಲೆ ಇನ್ನೊಂದು ಮಾತು ಬಂದಿಲ್ಲ. ನಿದ್ದೆ ಇಲ್ಲ, ಕೂತಲ್ಲೇ ಉಚ್ಚೆ ಹೊಯ್ಯುತ್ತಾಳೆ. ಕಾಳು ಸಾಲು ಹಚ್ಚುವುದನ್ನೂ ಬಿಟ್ಟಿದ್ದಾಳೆ. ಕುಕ್ಕರ್ ಕೂಗಿದರೆ ಈಗ ಕಿವಿ ಮುಚ್ಚುವುದಿಲ್ಲ, ಸುಮ್ಮನೆ ನೋಡುತ್ತಾಳೆ. "ನೋಡ, ಹುಚ್ಚಾಟ ಎಲ್ಲಾ ಬಿಟ್ಲು, ಆರಾಮ ಆತು," ಎನ್ನುತ್ತಾರೆ ಅತ್ತೆಯವರು. ಒಂದು ಬರೆ ಮಾತ್ರ ಕೀವು ಹಿಡಿದಿದೆ. ಅರಿಶಿನ ಹಚ್ಚುತ್ತಿದ್ದೇನೆ, ಮೈ ಬಿಸಿ ಇದೆ.

ನಿಮಗೂ ಮೊದಮೊದಲು ಹೀಗೇ ಆಗಿತ್ತೇ? ಎಷ್ಟು ದಿನಕ್ಕೆ ಆರಾಮ ಆಯಿತು? ಬೇಗ ಬರೆಯಿರಿ ಅಕ್ಕಾರ. ಇಲ್ಲಿ ಕೇಳಲು ಯಾರೂ ಇಲ್ಲ.

ಸೀತವ್ವ


ಗೋಕಾಕ
೧೩ ಜನವರಿ ೨೦೨೫

ಸೀತಾ,

ಇದನ್ನು ತಂದವಳು ಆಮ್ರಪಾಲಿ. ಮುಂದೆ ಓದಬೇಡ. ಮಗುವನ್ನು ಎತ್ತಿಕೊಂಡು ಅವಳ ಜೊತೆ ಸರಕಾರಿ ದವಾಖಾನೆಗೆ ಹೋಗು. ಕೀವು, ಜ್ವರ ಎರಡೂ ಇದ್ದರೆ ಅರಿಶಿನದಿಂದ ಆಗುವುದಿಲ್ಲ. ತೋರಿಸಿಕೊಂಡು ಬಂದ ಮೇಲೆ ಉಳಿದದ್ದನ್ನು ಓದು.

ಫೋನ್ ಮಾಡಿದೆ. ಮಾಳು ಎತ್ತಿದ. "ಅಕ್ಕಾ? ಅಕ್ಕಾ, ಮಾತಾಡ," ಎಂದ. ನನ್ನ ಬಾಯಿಂದ ಒಂದು ಸದ್ದೂ ಹೊರಡಲಿಲ್ಲ. ಬಸ್‌ಸ್ಟ್ಯಾಂಡಿಗೆ ಹೋಗಿ ಮೂಡಲಗಿ ಬಸ್ ಹತ್ತಿದೆ. ಕಂಡಕ್ಟರ್ ಸೀಟಿ ಊದಿದ ಕೂಡಲೇ ಇಳಿದುಬಿಟ್ಟೆ. ನಿಮ್ಮ ಮನೆಯವರು ಪೂರ್ತಿ ಆರಾಮ ಆಗಿದ್ದಾಳೆ ಎಂದು ಊರಿಗೆಲ್ಲ ಹೇಳಿಕೊಂಡ ಸುವರ್ಣಾ ಇವಳೇ. ನಿನ್ನ ಪತ್ರ ಬಂದಾಗಿನಿಂದ ಉಂಡಿಲ್ಲ, ಹಲ್ಲುಜ್ಜಿಲ್ಲ, ಖೋಲಿಯ ಮೂಲೆಯಲ್ಲಿ ಗೋಡೆಗೆ ಬೆನ್ನು ಹಚ್ಚಿ ಕೂತಿದ್ದೆ. ಆಮ್ರಪಾಲಿ ಬಂದು ಕದ ಬಡಿಯದಿದ್ದರೆ ಈ ಪತ್ರವೂ ಇರುತ್ತಿರಲಿಲ್ಲ.

ಅವ್ವನಿಗೆ ಹಾಕಿದ ಆ ಪತ್ರ ನಾನು ಬರೆದದ್ದಲ್ಲ. ಕೈ ನನ್ನದು, ಮಾತು ಆಮ್ರಪಾಲಿಯದು. ಹಿತವಾಗುವ ಹಾಗೆ ನಾಲ್ಕು ಸಾಲು ಬರೆ ಎಂದೆಯಲ್ಲ, ನನಗೆ ಅಂಥದು ಬರುವುದಿಲ್ಲ. ಅವಳನ್ನು ಕೇಳಿದೆ. "ಎಲ್ಲಾರೂ ಹಿಂಗ ಬರಿತಾರ. ಬರದದ್ದು ಖರೆ ಅಂತ ಯಾರು ತಿಳಿತಾರ?" ಎಂದು ನಕ್ಕು ಹೇಳಿ ಬರೆಸಿದಳು. ಅವಳ ತಪ್ಪಲ್ಲ. ನನ್ನ ಖೋಲಿ ಉಳಿಯಲಿ, ಕೊಣ್ಣೂರಿನವನು ಬರದಿರಲಿ ಎಂದು ನಾನು ಬರೆದೆ. ಬದುಕಿನಲ್ಲಿ ಒಂದೇ ಒಂದು ಸಲ ಎಲ್ಲರ ಹಾಗೆ ಮಾತಾಡಿದೆ ಸೀತಾ. ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ ಎಂದು ಜನ್ಮವೆಲ್ಲ ಬೈಸಿಕೊಂಡವಳ ಒಂದು ಸುಳ್ಳನ್ನು ನೀವೆಲ್ಲ ಕಣ್ಣಿಗೊತ್ತಿಕೊಂಡಿರಿ.

ಮತ್ತು ನೀನು. ಆರಾಮ ಮಾಡಿಸಿಕೊಂಡು ಬರುತ್ತೇವೆ ಎಂದರೆ ಏನೆಂದು ಬಾಯಿ ಬಿಟ್ಟು ಬರೆಯಬಾರದಿತ್ತೇ? ಬರೆ ಎನ್ನುವ ಎರಡು ಅಕ್ಷರ ಬರೆಯಲು ಕೈ ಬರಲಿಲ್ಲ, ಹಿಡಿಯಲು ಕೈ ಬಂತು. ಕಿವಿ, ಡಾಕ್ಟರ್ ಎಂದು ಅಷ್ಟು ಸ್ಪಷ್ಟ ಬರೆದಿದ್ದೆ. ನಿನಗೆ ತಿಳಿಯಲಿಲ್ಲ ಎಂದು ನಾನು ನಂಬುವುದಿಲ್ಲ. ತಿಳಿಯುವುದು ನಿನಗೆ ಬೇಕಿರಲಿಲ್ಲ.

ನನಗೂ ಹೀಗೇ ಆಗಿತ್ತೇ ಎಂದು ಕೇಳಿದ್ದೀ. ಹೀಗೇ ಆಗಿತ್ತು. ನನ್ನ ಮೊದಲ ಮಾತೂ "ಬ್ಯಾಡ". ಆವತ್ತು ಬಂದದ್ದು ಮಾತಲ್ಲ. ಮಾತು ನನಗೆ ಅದಾದ ಮೇಲೆ ಒಂದು ವರ್ಷಕ್ಕೆ, ತಾನಾಗಿಯೇ, ಕುರಿ ಕಾಯುವ ಲಗಮಪ್ಪ ಮುತ್ಯಾನ ಹಿಂದೆ ಅಡ್ಡಾಡುತ್ತ ಬಂತು. ಅದನ್ನು ಮನೆಯಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಬರೆ ಹಾಕುವಾಗ ಕಾಲು ಹಿಡಿದವರು ಯಾರೋ ನನಗೆ ನೆನಪಿಲ್ಲ. ಕೈ ಹಿಡಿದವಳು ಅವ್ವ. ಅವಳ ಬಳೆಗಳ ಸದ್ದು ಇನ್ನೂ ಕೇಳುತ್ತದೆ. ನಾನು ಬಳೆ ತೊಡದಿರುವುದನ್ನು ಅವಳು ಸೊಕ್ಕು ಎನ್ನುತ್ತಾಳೆ.

ಈ ಪತ್ರವನ್ನೂ ಮಾಳು ಕಟ್ಟೆಯ ಮೇಲೆ ಕೂತು ಓದಲಿ. ಅವ್ವನ ಮುಂದೆ ಓದಲಿ, ನೀರಿಗೆ ಬಂದವರೂ ಇರಲಿ. ನನಗೆ ಆರಾಮ ಆಗಿಲ್ಲ. ಅವ್ವ ನನಗೆ ಮಾಡಿದ್ದು ಒಳ್ಳೆಯದಕ್ಕೆ ಆಗಲಿಲ್ಲ. ಇದು ನನ್ನದೇ ಮಾತು, ಯಾರೂ ಹೇಳಿ ಬರೆಸಿದ್ದಲ್ಲ.

ಸುವರ್ಣಾ


ಹುಕ್ಕೇರಿ
೨೯ ಜನವರಿ ೨೦೨೫

ಅಕ್ಕಾರಿಗೆ,

ಮಗುವಿನ ಗಾಯ ಒಣಗುತ್ತಿದೆ. ಆವತ್ತೇ ದವಾಖಾನೆಗೆ ಹೋದೆವು, ಆಮ್ರಪಾಲಿ ಅಕ್ಕ ಸಂಜೆಯ ತನಕ ಜೊತೆಗಿದ್ದರು. ಜ್ವರ ಇಳಿದಿದೆ.

ಪತ್ರವನ್ನು ಇವರು ಕಟ್ಟೆಯ ಮೇಲೆ ಕೂತು ಓದಲು ಶುರು ಮಾಡಿದರು. ಅರ್ಧಕ್ಕೆ ಬಂದು ನಿಲ್ಲಿಸಿದರು. ಅತ್ತೆಯವರು "ಮುಂದ ಓದೋ," ಎಂದರು. ಇವರು ಕಾಗದ ಮಡಚಿದರು. ನಾನು ಅವರ ಕೈಯಿಂದ ತೆಗೆದುಕೊಂಡು ಕಡೆಯ ತನಕ ಓದಿದೆ. ಆ ಮನೆಯಲ್ಲಿ ಅಷ್ಟು ಜೋರಾಗಿ ನಾನು ಎಂದೂ ಬಾಯಿ ತೆಗೆದಿರಲಿಲ್ಲ. ಅತ್ತೆಯವರು ಎಲ್ಲ ಕೇಳಿಸಿಕೊಂಡರು. "ಆದ್ರೂ ಮಾತ ಬಂತಲ್ಲ?" ಎಂದರು. ಮತ್ತೆ ನೀವು ಆರಾಮ ಆಗಿದೆ ಎಂದು ಬರೆದ ಆ ಹಿಂದಿನ ಪತ್ರ ತರಿಸಿ, ಅದನ್ನು ಓದು ಎಂದು ಇವರಿಗೆ ಕೊಟ್ಟರು. ಇವರು ಅದನ್ನು ಓದಿದರು ಅಕ್ಕಾರ. ನಾನು ಮಾಯಾಳನ್ನು ಎತ್ತಿಕೊಂಡು ತವರಿಗೆ ಬಂದೆ.

ಕಿವಿ ಪರೀಕ್ಷೆ ಆಯಿತು. ಕಿವಿ ಚೆನ್ನಾಗಿ ಕೇಳುತ್ತದೆ. ನೀವು ಹೇಳಿದ ಅದೇ ಹೆಸರು ಇಲ್ಲಿಯ ಡಾಕ್ಟರೂ ಹೇಳಿದರು. ಬರೆ ನೋಡಿ ನನ್ನನ್ನು ಬೈದರು, ಬೈಸಿಕೊಂಡೆ.

ನೀವು ಬರೆದದ್ದು ನಿಜ. ಕಿವಿ, ಡಾಕ್ಟರ್ ಎಂದು ಓದಿದಾಗ ನನಗೆ ಅನುಮಾನ ಬಂದಿತ್ತು. ಎಲ್ಲರೂ ಒಂದಾಗಿದ್ದರು, ಮನೆಯಲ್ಲಿ ಅಪರೂಪಕ್ಕೆ ನಗು ಇತ್ತು, ಅದನ್ನು ಕೆಡಿಸಲು ನನಗೆ ಮನಸ್ಸಾಗಲಿಲ್ಲ.

ಈಗ ಬೇರೆ ಕಷ್ಟ. ನಮ್ಮ ಅವ್ವ ಉಣಿಸಿದರೆ ಮಾಯಾ ಉಣ್ಣುತ್ತಾಳೆ. ನಮ್ಮ ಅಣ್ಣ ಎತ್ತಿಕೊಂಡರೆ ಸುಮ್ಮನಿರುತ್ತಾಳೆ. ಬಾಜೂ ಮನೆಯ ಮುದುಕಿಯ ಹತ್ತಿರವೂ ಹೋಗುತ್ತಾಳೆ. ನಾನು ಒಳಗೆ ಬಂದರೆ ಗೋಡೆಗೆ ಸರಿಯುತ್ತಾಳೆ. ನಾನು ಮುಟ್ಟಿದ ರೊಟ್ಟಿ ತಿನ್ನುವುದಿಲ್ಲ. ಇವರು ಹಿಡಿದಿದ್ದರೆ ಇವರಿಗೆ ಹೆದರುತ್ತಿದ್ದಳು. ಯಾರ ಕೈಗೂ ಕೊಡಬೇಡ, ನೀನೇ ಹಿಡಿ ಎಂದಿರಿ. ಬೈಯಲು ಬರೆಯುತ್ತಿಲ್ಲ. ಬೈಯುವ ಶಕ್ತಿ ನನ್ನಲ್ಲಿ ಇಲ್ಲ.

ನೀವೊಮ್ಮೆ ಬನ್ನಿ. ನಿಮ್ಮ ಮುಂದೆ ಆವತ್ತು ಕಾಳು ಇಟ್ಟಿದ್ದಳಲ್ಲ, ನಿಮ್ಮನ್ನು ಕಂಡರೆ ಬರಬಹುದು. ಗೋಕಾಕಕ್ಕೆ ಕರೆದುಕೊಂಡು ಹೋಗುತ್ತೀರಾದರೆ ಹೋಗಿ, ನಾನು ಹಿಂದೆ ಬರುವುದಿಲ್ಲ. ನನ್ನನ್ನು ಬಿಟ್ಟರೆ ಅವಳಿಗೆ ಆರಾಮ ಆಗುತ್ತದೆ ಎಂದಾದರೆ ಬಿಡುತ್ತೇನೆ. ಎಷ್ಟು ದಿನಕ್ಕೆ ನನ್ನ ಹತ್ತಿರ ಬಂದಾಳು, ಅದೊಂದು ಹೇಳಿ.

ಸೀತಾ


ಗೋಕಾಕ
೨ ಫೆಬ್ರುವರಿ ೨೦೨೫

ಸೀತಾ,

ಗುರುವಾರ ಬರುತ್ತೇನೆ. ಆಮ್ರಪಾಲಿ ಜೊತೆಗೆ ಬರುತ್ತಾಳೆ, ನಾನು ಇಳಿಯಲು ಹೋದರೆ ತಡೆಯುತ್ತಾಳೆ. ಮಗುವನ್ನು ಗೋಕಾಕಕ್ಕೆ ತರುವುದಿಲ್ಲ. ಕೂಸನ್ನು ತಾಯಿಯಿಂದ ಬಿಡಿಸಿ ಒಯ್ಯುವ ಹಕ್ಕು ನನಗಿಲ್ಲ. ನನಗೇ ಹೊತ್ತಿಗೆ ಸರಿಯಾಗಿ ಉಣ್ಣಲು ಬರುವುದಿಲ್ಲ, ಅವಳಿಗೆ ಎಲ್ಲಿಂದ ಉಣಿಸಲಿ. ನಿನ್ನೆಯಿಂದ ಮತ್ತೆ ಬೇವಿನ ಕಡ್ಡಿ ಹಿಡಿದಿದ್ದೇನೆ. ಮೊದಲಿನಿಂದ ಶುರು.

ನಾನು ಬರುವ ತನಕ ಇಷ್ಟು ಮಾಡು. ದಿನಾ ಅದೇ ಹೊತ್ತಿಗೆ, ಅದೇ ಜಾಗದಲ್ಲಿ, ಅವಳ ಕಣ್ಣಿಗೆ ಕಾಣುವಷ್ಟು ದೂರ ಕೂಡು. ಕರೆಯಬೇಡ. ಕೈ ಚಾಚಬೇಡ. ಅಳಬೇಡ, ಅಳು ಬಂದರೆ ಎದ್ದು ಹೊರಗೆ ಹೋಗು. ಹಿಂದಿನಿಂದ ಎಂದೂ ಹತ್ತಿರ ಹೋಗಬೇಡ. ತಾಟು ಅವಳ ಮುಂದೆ ಇಟ್ಟು ಸರಿದು ಕೂತು ನಿನ್ನದು ನೀನು ಉಣ್ಣು. ತಿಂದಳೋ ಇಲ್ಲವೋ ಎಂದು ತಿರುಗಿ ನೋಡಬೇಡ. ತಿನ್ನದಿದ್ದರೆ ಮರುದಿನ ಮತ್ತೆ ಇಡು. ಬೇಸರ ಬಂದರೂ ಇಡು, ಯಾರು ನಕ್ಕರೂ ಇಡು. ಬೇರೆ ದಾರಿ ನನಗೆ ಗೊತ್ತಿಲ್ಲ. ನನ್ನ ಡಾಕ್ಟರ್ ಬಾಯಿಗೂ ಗೊತ್ತಿಲ್ಲ.

ಎಷ್ಟು ದಿನ ಎಂದು ಕೇಳಿದ್ದೀ. ಹಿತವಾಗುವ ಹಾಗೆ ಬರೆಯಬಹುದಿತ್ತು. ನಾನು ನನ್ನ ಅವ್ವನ ಕೈಯಿಂದ ಇನ್ನೂ ಉಂಡಿಲ್ಲ.

ಸುವರ್ಣಾ